ಹೆಸರು ಹೇಳದ ಹೆಂಡತಿಯ ಲಾಗಿನ್ ಪ್ರಸಂಗ

ಅನ್ವಿತಾ, ಧ್ರುವ,

ಮೊನ್ನೆ ನಿಮ್ಮಿಬ್ಬರ ಬಾಲ್ಯ ಪೂರ್ತಿ ಅಳಿಸಿಹೋಗುವುದರಲ್ಲಿತ್ತು. ಅಳಿಸಲು ಹೊರಟವಳು ನಾನೇ. ನಿಮ್ಮಮ್ಮ ಇದಕ್ಕೆ ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಓದಲು ಕಷ್ಟವಾದರೆ ಅಮ್ಮನಿಂದ ಓದಿಸಿಕೊಳ್ಳಿ. ಅವಳು ನಡುವೆ ನಕ್ಕರೆ ಲಕ್ಷ್ಯ ಕೊಡಬೇಡಿ.

ರೈಲ್ವೆ ನೌಕರಿಯಿಂದ ನಿವೃತ್ತರಾದ ಮೇಲೆ ನಿಮ್ಮಜ್ಜ ಒಂದು ಲ್ಯಾಪ್‌ಟಾಪ್ ಕೊಂಡು, ನಿಮ್ಮ ಫೋಟೋಗಳನ್ನೆಲ್ಲ ಒಂದು ಕಂಪನಿಯ ಜಾಲತಾಣದಲ್ಲಿ ಕೂಡಿಟ್ಟಿದ್ದರು. ಅವರು ಹೋಗಿ ಆರು ವರ್ಷವಾಯಿತು. ನಾನು ಮಾತ್ರ ಬಂಗಾಳದ ಜಾದವ್‌ಪುರದ ಈ ಮನೆಯಲ್ಲಿ ದಿನವೂ ಚಹಾ ಕುಡಿಯುತ್ತ ಆ ಫೋಟೋಗಳನ್ನು ತೆರೆದು ನೋಡುತ್ತಿದ್ದೆ. ಅದು ಒಂದು ದಿನವೂ ನನ್ನಿಂದ ಪಾಸ್‌ವರ್ಡ್ ಕೇಳಿದ್ದಿಲ್ಲ. ನನಗೆ ಕಂಪ್ಯೂಟರ್ ಬರುತ್ತದೆ ಎಂದೇ ತಿಳಿದಿದ್ದೆ!

ಲ್ಯಾಪ್‌ಟಾಪಿನ ಮೂಲೆಯಲ್ಲಿ ಆಗಾಗ ಒಂದು ಚೌಕ ಮೂಡಿ, "ಅಪ್‌ಡೇಟ್ ಬಂದಿದೆ. ಈಗಲೋ, ಆಮೇಲೋ?" ಎಂದು ಕೇಳುತ್ತಿತ್ತು. ನಾನು "ಆಮೇಲೆ" ಒತ್ತುತ್ತಿದ್ದೆ. ಮರುದಿನ ಮತ್ತೆ ಬರುತ್ತಿತ್ತು. ನಾನು ಗದಗಿನ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಬಾಗಿಲಿಗೆ ಬಂದವರನ್ನು ಎಷ್ಟು ಸಲ ಮುಂದಕ್ಕೆ ಹೋಗಿ ಎನ್ನುವುದು? ಒಂದು ಮಂಗಳವಾರ ಕನಿಕರಪಟ್ಟು "ಈಗ" ಒತ್ತಿದೆ.

ಪರದೆಯ ಮೇಲೆ ಚಕ್ರವೊಂದು ಒಂದು ತಾಸು ತಿರುಗಿತು. ತಿರುಗಿ ನಿಂತ ಮೇಲೆ ಫೋಟೋಗಳ ಜಾಲತಾಣ ನನ್ನನ್ನೇ ನೋಡಿ, "ನೀವು ಯಾರು?" ಎಂದಿತು.

ಗಾಬರಿಯಾಗಿ ಎದುರು ಮನೆಯ ಮುಖರ್ಜಿ ಬಾಬುವನ್ನು ಕರೆದೆ. ಇವರು ನಿವೃತ್ತ ತೆರಿಗೆ ಅಧಿಕಾರಿ. "ಗೊತ್ತಿಲ್ಲ" ಎಂಬ ಪದವನ್ನು ಹುಟ್ಟಿದಾರಭ್ಯ ಬಳಸಿದವರಲ್ಲ.

"ಅರೆ ಬೌದಿ, ಎಟಾ ಕಿಛು ನಾ! ಅತ್ತಿಗೆ, ಇದೇನೂ ಅಲ್ಲ," ಎಂದು ಕೂತರು. ಮುಂದಿನದು ಹಿಂದಿಯಲ್ಲಿ ಸಾಗಿತು. "ಕುಕೀಸ್ ಕಾ ಗಡಬಡ್ ಹೈ."

ಕುಕೀಸ್ ಎಂದರೆ ಮದುವೆ ಮನೆಯ ಬಾಗಿಲಲ್ಲಿ ನಿಂತು, "ಇವರು ನಮ್ಮವರೇ, ಬಿಡ್ರಿ" ಎನ್ನುವ ಸೋದರಮಾವನಂಥದ್ದು ಎಂದು ನನಗೆ ಅರ್ಥವಾಯಿತು. ಅಪ್‌ಡೇಟಿನ ಗದ್ದಲದಲ್ಲಿ ಮಾವನಿಗೆ ನನ್ನ ಗುರುತು ಹತ್ತುತ್ತಿಲ್ಲ. ಮುಖರ್ಜಿ ಬಾಬು ಮಾವನನ್ನೇ ತೆಗೆಸಿದರು! "ಸಬ್ ಕ್ಲಿಯರ್!" ಎಂದು ಒಂದು ಗುಂಡಿ ಒತ್ತಿ, ಕೈ ಒರೆಸಿಕೊಂಡರು.

ಅದುವರೆಗೆ ಒಂದೇ ಬಾಗಿಲು ಮುಚ್ಚಿತ್ತು. ಈಗ ಕರೆಂಟಿನದು, ಗ್ಯಾಸಿನದು, ರೈಲ್ವೆ ಟಿಕೆಟಿನದು, ನಾನು ಧಾರಾವಾಹಿ ನೋಡುವುದು, ಎಲ್ಲವೂ ಸಾಲಾಗಿ "ನೀವು ಯಾರು?" ಎಂದವು. "ಪಾಸ್‌ವರ್ಡ್ ಮರೆತಿದ್ದೀರಾ?" ಎಂಬಲ್ಲಿ ಒತ್ತಿದೆವು. ಹೊಸದನ್ನು ಅಜ್ಜನ ಈಮೇಲಿಗೆ ಕಳಿಸಿದ್ದೇವೆ ಎಂದಿತು. ಆ ಈಮೇಲಿನ ಬಾಗಿಲನ್ನೂ ಹತ್ತು ನಿಮಿಷದ ಹಿಂದಷ್ಟೇ ಮುಖರ್ಜಿ ಬಾಬು ಸ್ವಚ್ಛ ಮಾಡಿದ್ದರು!

ಊಹೆಯ ಮೇಲೆ ಐದು ಪಾಸ್‌ವರ್ಡ್ ಹಾಕಿದೆ. ನಿಮ್ಮಿಬ್ಬರ ಹೆಸರು, ಅಮ್ಮನ ಹೆಸರು, ಅಜ್ಜನಿಗೆ ಪ್ರಿಯವಾದ ಎರಡು ರೈಲುಗಳ ನಂಬರು. ಐದೂ ತಪ್ಪು. ಖಾತೆಗೆ ಬೀಗ ಬಿತ್ತು. ಕೆಂಪಕ್ಷರದಲ್ಲಿ ಒಂದು ಶಾಸನವೂ ಮೂಡಿತು: ಹದಿನೈದು ದಿನದೊಳಗೆ ಸಹಾಯವಾಣಿಗೆ ಕರೆ ಮಾಡಿ ಹಕ್ಕು ರುಜುವಾತುಪಡಿಸದಿದ್ದರೆ ಫೋಟೋಗಳನ್ನು ಶಾಶ್ವತವಾಗಿ ಅಳಿಸಲಾಗುವುದು.

ನಾಗಪುರಕ್ಕೆ, ನಿಮ್ಮಮ್ಮನಿಗೆ ಫೋನು ಮಾಡಿದೆ. "ಸುಮನಾ, ಮಕ್ಕಳ ಫೋಟೊ ನಿನ್ನ ಕಡೆ ಅದಾವಲ್ಲ?"

"ಎಲ್ಲಿವು ಅವ್ವಾ? ನನ್ನ ಫೋನ್ ಬಕೆಟ್‌ನ್ಯಾಗ ಬಿದ್ದಾಗ ಎಲ್ಲಾ ಹೋದ್ವು. ನಿನ್ನ ಕಡೆ ಅದಾವಂತ ನಿಶ್ಚಿಂತಿಂದ ಇದ್ದೇನಿ. ಯಾಕ?"

"ಸುಮ್ನ ಕೇಳಿದೆ," ಎಂದು ಫೋನಿಟ್ಟೆ. ಧ್ರುವ ಮೊದಲು ಕೂತದ್ದು, ಅನ್ವಿತಾಳ ಜವಳ, ಇಬ್ಬರೂ ಅಜ್ಜನ ಬೆನ್ನ ಮೇಲೆ ಕುದುರೆ ಸವಾರಿ ಮಾಡಿದ್ದು, ಎಲ್ಲವೂ ಬೀಗದ ಆಚೆಗಿದ್ದವು.

ಕರೆ ಹೋಗಬೇಕಾದದ್ದು ಅಜ್ಜನ ನಂಬರಿನಿಂದಲೇ. ಆ ಫೋನು ನನ್ನ ಬಳಿ ಇತ್ತು. ಧೈರ್ಯ ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಖಾತೆದಾರರು ತೀರಿಕೊಂಡಿದ್ದಾರೆ, ನಾನು ಅವರ ಪತ್ನಿ ಎಂದೆ. ಸಂತಾಪ ಹೇಳಿದಳು. ಆಮೇಲೆ ಅತಿ ಸುಲಭದ ಪ್ರಶ್ನೆ ಕೇಳಿದಳು.

"ಅವರ ಪೂರ್ತಿ ಹೆಸರು ಹೇಳಿ, ಮ್ಯಾಡಮ್."

ಮಕ್ಕಳೇ, ನಮ್ಮೂರಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಗಂಡ ಮಾತ್ರ ಹೆಂಡತಿಯ ಹೆಸರನ್ನು ಕೇರಿಯೆಲ್ಲ ಕೇಳುವಂತೆ ದಿನಕ್ಕೆ ನೂರು ಸಲ ಕೂಗಬಹುದು. ಅವಳ ಆಯುಷ್ಯಕ್ಕೆ ಏನೂ ಆಗುವುದಿಲ್ಲ! ಮದುವೆಯ ದಿನ ಒಡಪಿನ ಪದ್ಯದಲ್ಲಿ ಗಂಡನ ಹೆಸರು ಸೇರಿಸಿ ಹೇಳು ಎಂದು ಹೆಂಗಸರೆಲ್ಲ ಕಾಡಿದರೂ ನಾನು ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಮೂವತ್ತೊಂಬತ್ತು ವರ್ಷ "ಇವರು", "ಅವರು", "ಕೇಳಿಸ್ತಾ?" ಎಂಬುದರಲ್ಲಿ ಸಂಸಾರ ಸಾಗಿತು. ಅವರು ಹೋದ ಮೇಲೆ ಕಡಿಮೆಯಾಗಲು ಆಯುಷ್ಯವೂ ಉಳಿದಿರಲಿಲ್ಲ. ಆದರೂ ನಾಲಿಗೆ ಏಳಲಿಲ್ಲ.

"ಸುಮನಾ ಕೆ ಪಾಪಾ," ಎಂದೆ.

"ಮೊದಲ ಹೆಸರು ಸುಮನಾ, ಮನೆತನದ ಹೆಸರು ಪಾಪಾ. ಸರಿಯೇ?"

"ಅಲ್ಲಮ್ಮ. ದೇವರ ಹೆಸರು. ಕೈಲಾಸದಲ್ಲಿರುವ ದೇವರು."

"ಶಂಕರ್? ಮಹೇಶ್?"

"ಹತ್ತಿರ ಬಂದೆ! ಇನ್ನೊಂದು ನೋಡು."

ಈಗ ಹುಡುಗಿಯ ದನಿಯಲ್ಲಿ ಮರ್ಯಾದೆ ಇರಲಿಲ್ಲ, ನಿಯಮವಿತ್ತು. ಖಾತೆದಾರರ ಹೆಸರನ್ನೇ ಅರಿಯದ ಹೆಂಗಸೊಬ್ಬಳು ಅವರ ಪತ್ನಿಯೆಂದು ಹೇಳಿಕೊಳ್ಳುತ್ತಿರುವುದರಿಂದ ಈ ಕರೆಯನ್ನು ಸಂಶಯಾಸ್ಪದವೆಂದು ದಾಖಲಿಸಲಾಗಿದೆ ಎಂದು ಫೋನಿಟ್ಟಳು. ಪತಿವ್ರತೆಯಾಗಲು ಹೋಗಿ ಕಳ್ಳಿಯಾದೆ!

ಮುಖರ್ಜಿ ಬಾಬುವಿಗೆ ಹುರುಪು ಬಂತು. "ಬೌದಿ, ಗಂಡಸಿನ ದನಿ ಬೇಕು. ನಾನೇ ನಿಮ್ಮ ಯಜಮಾನರಾಗಿ ಮಾತಾಡುತ್ತೇನೆ." ತಪ್ಪೆಂದು ಗೊತ್ತಿತ್ತು. ಆದರೂ ಬೇಡ ಎನ್ನಲಿಲ್ಲ. ಕರೆ ಹೋಯಿತು. ಅವರು ಗಂಟಲು ಸರಿಮಾಡಿಕೊಂಡು ನಿಮ್ಮಜ್ಜನ ಹೆಸರನ್ನು ಬಂಗಾಳಿ ರಸಗುಲ್ಲದಂತೆ ದುಂಡಗೆ ಮಾಡಿ ಉಚ್ಚರಿಸಿ, "ಸ್ಪೀಕಿಂಗ್!" ಎಂದರು.

ಆ ಕಡೆಯಿಂದ ದನಿ ಬಂತು: "ಸರ್, ನೀವು ತೀರಿಕೊಂಡಿದ್ದೀರಿ ಎಂದು ನಮ್ಮ ದಾಖಲೆಯಲ್ಲಿದೆ. ನಿಮ್ಮ ಪತ್ನಿಯೇ ತಿಳಿಸಿದ್ದಾರೆ."

ಮುಖರ್ಜಿ ಬಾಬು ತಟ್ಟನೆ ಫೋನಿಟ್ಟರು. ಅಷ್ಟರಲ್ಲಿ ಅವರನ್ನು ಊಟಕ್ಕೆ ಕರೆಯಲು ಬಂದ ಅವರ ಹೆಂಡತಿ ಶಿಖಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ವಾಹ್! ನಮ್ಮನೆಯಲ್ಲಿ ಬಲ್ಬು ಹಾಕಲು ಪುರುಸೊತ್ತಿಲ್ಲ, ಎದುರು ಮನೆಯಲ್ಲಿ ಗಂಡನಾಗಲು ಪುರುಸೊತ್ತಿದೆ!"

ಅವತ್ತಿಂದ ಅವರ ತಾಂತ್ರಿಕ ನೆರವು ನಿಂತಿತು.

ಎರಡೇ ದಿನ ಉಳಿದಾಗ ನಿಮ್ಮಮ್ಮನಿಗೆ ಅಳುತ್ತ ಎಲ್ಲ ಹೇಳಿದೆ.

"ಅವ್ವಾ, ಅಪ್ಪನ ಹೆಸರಿಗೇನ್ ಮುಳ್ಳ ಅದಾವೇನು? ಹೇಳಿಬಿಡಲ್ಲ!"

"ಬಾಯಿಗೆ ಬರವಲ್ದವಾ."

"ಹಂಗಾದ್ರ ಹೆಸರ ಇಟ್ಕೋ, ಮಕ್ಕಳ ಫೋಟೊ ಬಿಡು!"

ಮಗಳ ಬಾಯಿ ಖಾರವೇ. ಆದರೆ ಮಾತು ನಿಜ.

ಮರುದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿದೆ. ಗೋಡೆಯ ಮೇಲಿದ್ದ ನಿಮ್ಮಜ್ಜನ ಫೋಟೋಕ್ಕೆ ಕೈಮುಗಿದು, ಮುಖ ಗೋಡೆಗೆ ಬರುವಂತೆ ತಿರುಗಿಸಿದೆ. ಕಿಟಕಿ ಮುಚ್ಚಿ ಫೋನು ಹಚ್ಚಿದೆ. ಈ ಸಲ ಬೇರೆ ಹುಡುಗಿ. ಹೆಸರು ಕೇಳಿದಳು. ಕಣ್ಣು ಮುಚ್ಚಿ ಹೇಳಿದೆ.

"ಕೇಳಿಸಲಿಲ್ಲ, ಮ್ಯಾಡಮ್."

ಮತ್ತೆ ಹೇಳಿದೆ.

"ಸ್ವಲ್ಪ ಜೋರಾಗಿ?"

ಮೂವತ್ತೊಂಬತ್ತು ವರ್ಷದ್ದೆಲ್ಲ ಒಟ್ಟಿಗೆ ಬಂತು. ಕೂಗಿದೆ! ಮೇಲಿನ ಮನೆಯವರು ಕೆಳಗಿಳಿದು ಬಂದರು. ಶಿಖಾ ಓಡಿ ಬಂದಳು. ಗಲ್ಲಿಯಲ್ಲಿ ಮೀನು ಮಾರುವವನು ಬುಟ್ಟಿ ಇಳಿಸಿ, ಯಾರಿಗೆ ಏನಾಯಿತೆಂದು ಕೇಳಿದ. ಹುಡುಗಿ ಮಾತ್ರ ತಣ್ಣಗೆ, "ಧನ್ಯವಾದ ಮ್ಯಾಡಮ್, ಹೊಂದಿಕೆಯಾಯಿತು," ಎಂದಳು. ಮರಣಪತ್ರದ ಪ್ರತಿ ಕಳಿಸಿ ಎಂದಳು. ಕಳಿಸಿದೆ. ಸಂಜೆಗೆ ಬಾಗಿಲು ತೆರೆಯಿತು. ನೀವಿಬ್ಬರೂ ಹಲ್ಲಿಲ್ಲದ ಬಾಯಿಯಲ್ಲಿ ನಗುತ್ತ ಅಲ್ಲೇ ಇದ್ದಿರಿ. ಎಲ್ಲ ಫೋಟೋಗಳನ್ನೂ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿದ್ದೇನೆ. ಈ ಹಾಳೆಗಳ ಜೊತೆ ಕಳಿಸುತ್ತಿದ್ದೇನೆ.

ಅಜ್ಜಿ ಕೊನೆಗೂ ಗೆದ್ದಳು ಎಂದು ನೀವು ಹಿಗ್ಗಬಹುದು. ಹಾಗೆಂದು ನಾನೂ ಹಿಗ್ಗಿ, ಅಷ್ಟು ಜೋರಾಗಿ ಕೂಗಿದ ಹೆಸರನ್ನು ಇಲ್ಲಿ ನಿಮಗಾಗಿ ಬರೆಯಲು ಮೂರು ಸಲ ಪೆನ್ನು ಊರಿದೆ. ಮೂರು ಸಲವೂ ಒಂದು ಶಾಯಿಯ ಚುಕ್ಕೆ ಮೂಡಿತು, ಅಷ್ಟೇ. ಕೆಳಗೆ ಒಂದು ಗೆರೆ ಖಾಲಿ ಬಿಟ್ಟಿದ್ದೇನೆ. ಅಮ್ಮನನ್ನು ಕೇಳಿ, ನೀವೇ ದುಂಡಗೆ ತುಂಬಿಸಿ. ಆಮೇಲೆ ಈ ಹಾಳೆಗಳನ್ನು ಮಡಿಚಿ ಜೋಪಾನವಾಗಿ ಇಡಿ. ನನಗೆ ಮಾತ್ರ ತೋರಿಸಬೇಡಿ!

____________________