ಕಂಬಳಿಗೆ ಹೊಗಿ ಕುಡಿಸಿದ ಮೈದುನ

ನಿಮ್ಮ ಮನ್ಯಾಗ ಯಾರರ ಹುಚ್ಚರು ಅದಾರೇನ್ರಿ? ಇಲ್ಲಂದ್ರ ಹೇಳ್ರಿ, ನಮ್ಮ ಮೈದುನನ್ನ ನಾಕ ದಿನ ಕಳಸ್ತೇನಿ, ಬುತ್ತೀನೂ ಕಟ್ಟಿ ಕೊಡ್ತೇನಿ. (ಈ ಫೋನಿನ್ಯಾಗ ಮೈದುನ ಅಂತ ಹೊಡದ್ರ ಮೈದಾನ ಅಂತ ತಿದ್ದತೈತಿ. ಇರಲಿ, ಅಂವನ ಹೊಟ್ಟಿ ನೋಡಿದ್ರ ಅದೂ ಖರೇನ!)

ತಪ್ಪ ಮೊದಲ ನಂದ. ನಮ್ಮ ಮನಿಯವರು ಚಿಲುಮಿ ಸೇದತಿದ್ರು. ತಂಬಾಕದಾಗ ಏನೇನ ಕೂಡಸತಿದ್ರೋ, ಯಾರಿಗೂ ಹೇಳಲಾರದ ಹೋಗಿಬಿಟ್ರು. ಆ ವಾಸನಿ ಅವರ ಕಂಬಳ್ಯಾಗಷ್ಟ ಉಳದಿತ್ತು. ನಮ್ಮ ಶ್ಯಾಣ್ಯಾ ಸೊಸಿ ಅದನ್ನೂ ವಾಷಿಂಗ್ ಮಷೀನಿಗೆ ಹಾಕಿದ್ಲು, ಲಿಂಬಿಹಣ್ಣಿನ ವಾಸನಿ ಪುಡಿ ಸುರುವಿ. ನಾ ಕಂಬಳಿ ಮೂಸಿ ಮೂಸಿ ಅತ್ನಿ. ಎರಡ ಓಣಿ ಆಚೆ ಇರೋ ಮೈದುನ ಬಂದ ನೋಡ್ದ. ಅಣ್ಣನ ವಾಸನಿ ನಾ ತಿರುಗಿ ತರತೇನ್ರಿ ವೈನಿ ಅಂದ. ಅಂದಾಂವ ಸುಮ್ಮನ ಕುಂಡ್ರಬೇಕಿಲ್ಲೋ?

ಅಂವಗ ಚಿಲುಮಿ ನಡ್ಯಾಂಗಿಲ್ಲಂತ. ಡ್ಯಾಮಿನ ಸರ್ವೇಕ್ಕ ಬಂದ ಅನಗವಾಡಿ ಊರಾಗಿನ ನಮ್ಮ ಹಳೇ ಮನ್ಯಾಗ ಬಾಡಗಿ ಇದ್ದ ಇಂಜಿನಿಯರ್ ಸಾಹೇಬ್ರು ಹೋಗಾಗ ಇಂವಗ ತಂಬಾಕ ಸೇದೋ ಒಂದ ಪೈಪ್ ಕೊಟ್ಟಿದ್ರು. ಅದನ್ನ ಬಾಯಾಗ ಇಟ್ಕೊಂಡ್ರ ಡ್ಯಾಮ್ ತಾನ ಕಟ್ಟಿಸಿದಾಂಗ ಮಾರಿ! ಲೋಕಾಪುರದ ಅಂಗಡ್ಯಾಗ ಹೋಗಿ ಪೈಪಿಗೆ ಛಲೋ ಮಾಲ್ ಏನೈತಿ ಅಂತ ಗತ್ತಿಲೆ ಕೇಳಿದ್ನಂತ. ಅಂಗಡ್ಯಾಂವ, "ಎಷ್ಟ ಇಂಚಿಂದ್ರಿ? ಕಬ್ಬಿಗೋ, ದಾಳಿಂಬ್ರಿಗೋ?" ಅಂದ. ಮರ್ಯಾದಿ ಉಳಸ್ಕೊಳ್ಳಾಕ ಇಂವ ನೀರಿನ ಪೈಪಿಗೆ ಹಾಕೋ ಎರಡಿಂಚಿನ ಬೆಂಡ್ ಒಂದ ಕೊಂಡ ಬಂದ.

ಆಮ್ಯಾಲ ನಿಪ್ಪಾಣಿ ತಂಬಾಕದ ಎಲಿ ತರಿಸಿ ತಾನ ಬೆರಸಾಕ ಹತ್ತಿದ. ಮೊದಲನೇದಕ್ಕ ನನ್ನ ಡಬ್ಬಿ ಲವಂಗ ಎಲ್ಲಾ ಹೋತು, ಕಂಬಳಿ ಪಲಾವ್ ಆತು. ಎರಡನೇದಕ್ಕ ಗುಲ್ಕಂದ. ಕಂಬಳಿ ಹೊತ್ಕೊಂಡ್ರ ಯಾರದೋ ಮದವಿಗೆ ಹೋದಾಂಗ! ಮೂರನೇದಕ್ಕ ಮುಧೋಳ ಬೆಲ್ಲದ ನೀರ ಹಾಕಿ ಒಣಗಾಕ ಇಟ್ಟ. ಇರಬಿ ಬಂದ ಪೂರ್ತಿ ಹೊತ್ಕೊಂಡ ಹೋದುವು. ಅವಕ್ಕರ ಸೇರ್ತಲ್ಲ ಬಿಡೋ ಅಂದ್ನಿ.

ಸೇದೋ ಪದ್ಧತಿ ಕೇಳ್ರಿ. ಕಂಬಳಿ ತಲಿ ತುಂಬ ಹೊತ್ಕೊಂಡ ಒಳಗ ಕುಂತ ಪೈಪ್ ಎಳೀಬೇಕು, ಹೊಗಿ ಉಣ್ಣಿಗೆ ಹತ್ತಬೇಕು. ಒಂದಿನ ಕಟ್ಟಿ ಮ್ಯಾಲ ಹಿಂಗ ಕುಂತಿದ್ದ. ಬಾಜೂ ಮನಿಯಾಕಿ ಬೆಂಕಿ ಬಿದ್ದೈತಂತ ಒಂದ ಕೊಡ ನೀರ ಸುರುವಿದ್ಲು. ಕಂಬಳಿ ಎದ್ದ ನಿಂತ ಕೆಮ್ಮಿ, "ಯಾರ ಬೇ ಅದು?" ಅಂತು. ಪಾಪ, ಆಕಿ ಕೊಡ ಅಲ್ಲೇ ಬಿಟ್ಟ ಓಡಿದ್ಲು.

ಹಿಂಗ ದಿನಾ ಮುಂಜಾನಿ ಬರತಾನ, ಸೇದತಾನ, ಕಂಬಳಿ ನನ್ನ ಮೂಗಿನ ಮುಂದ ಹಿಡೀತಾನ. ನಾ ಮೂಸಿ, ಇದಲ್ಲೋ ಅಂತೇನಿ. ಅಂವ ಚಾ ಕುಡದ, ಊರ ಸುದ್ದಿ ಎಲ್ಲಾ ಹೇಳಿ ಹೋಗತಾನ.

ಖರೆ ಹೇಳ್ಲೇನ್ರಿ? ಹೋದ ತಿಂಗಳ ಒಂದಿನ ಬಂತು ಆ ವಾಸನಿ. ಅದ. ಮನಿಯವರು ಕುರಿ ದಡ್ಡಿಯಿಂದ ಬಂದ ಬಾಜೂಕ ಕುಂತಾಂಗಾತು. ಆದ್ರ ಹೌದಂದ್ರ ಇಂವ ನಾಳಿಂದ ಯಾಕ ಬಂದಾನು? ಅಲ್ಲ ಅಂದ್ನಿ. ಮರುದಿನಾನೂ ಅದ ವಾಸನಿ. ಅದರ ಮರುದಿನಾನೂ.

ನಿನ್ನಿ ತಡೀಲಾರದ ಕೇಳಿದ್ನಿ, "ಯಾಕೋ, ಹೊಸಾದ ಬೆರಸೋದ ಬಿಟ್ಟೀಯೇನ?"

ಅಂವ ಪೈಪ್ ಝಾಡಿಸಿಕೋತ ಅಂದ, "ಅಣ್ಣನ ವಾಸನಿ ಸಿಕ್ಕ ತಿಂಗಳಾತಲ್ರಿ ವೈನಿ. ನೀವು ಅಲ್ಲ ಅಂತಿರ್ರಿ, ನಾ ಬರಕೋತ ಇರತೇನಿ. ಚಾಕ್ಕ ಮಾತ್ರ ಸಕ್ರಿ ಇಷ್ಟ ಜಾಸ್ತಿ ಹಾಕ್ರಿ."