ಕೆರೆ ನಡುವೆ ನಿಲ್ಲುತ್ತಿದ್ದ ಎಂಜಿನ್

ಎಂಜಿನ್ ರಿಪೇರಿ ಅಂಗಡಿಯಲ್ಲಿ ವಾರಕ್ಕೊಂದಾದರೂ ನಂಬಲಾಗದ್ದು ನಡೆಯುತ್ತದೆ. ಹಿಂದೂಪುರದಲ್ಲಿ ಅಷ್ಟು ವರ್ಷ ಸ್ಪ್ಯಾನರ್ ಹಿಡಿದ ಮೇಲೆ ನಾನು ಬೆಚ್ಚಿಬೀಳುವುದನ್ನೇ ಬಿಟ್ಟಿದ್ದೆ. ಒಂದು ದೋಣಿ ಎಂಜಿನ್ ಬಂದು ಆ ಅಭ್ಯಾಸವನ್ನು ಮತ್ತೆ ಹಿಡಿಸಿತು.

ಕಂಬಳಿಯೊಳಗಿನ ರೋಗಿ

ಎರಡು ಸಾವಿರ ಇಸವಿ ಕಳೆದ ಮೇಲಿನ ಮಾತು. ಕಲ್ಯಾಣದುರ್ಗದ ಹತ್ತಿರ ಒಂದು ಕೆರೆ ತುಂಬಿತ್ತು. ಅದರಲ್ಲಿ ಮೀನು ಸಾಕುತ್ತಿದ್ದವನು ಸಮುದ್ರದ ಕಡೆಯಿಂದ ಹಳೇ ದೋಣಿ, ಹಳೇ ಎಂಜಿನ್ ತಂದಿದ್ದ. ಎಂಜಿನ್ ಓಡುತ್ತಿತ್ತು. ಕೆರೆಯ ನಡುವೆ ನಿಲ್ಲುತ್ತಿತ್ತು. ದಿನಾ ಅಲ್ಲ, ಅದಕ್ಕೆ ಬೇಕೆನಿಸಿದಾಗ. ದಿನಾ ನಿಲ್ಲುವ ಎಂಜಿನ್ನಿಗೆ ಮದ್ದಿದೆ. ಮನಸ್ಸು ಬಂದಾಗ ನಿಲ್ಲುವುದಕ್ಕೆ ಇಲ್ಲ.

ಇದರಿಂದ ಅವನ ಮದುವೆ ತಪ್ಪಿತ್ತು. ಹೆಣ್ಣಿನ ಸೋದರಮಾವನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದ. ನಡುನೀರಿನಲ್ಲಿ ಎಂಜಿನ್ ನಿಂತು, ಆ ಮನುಷ್ಯ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಬೆಂದು, ದಡಕ್ಕೆ ಬಂದು ಸಂಬಂಧ ಬೇಡ ಅಂದಿದ್ದ. ಈಗ ಸೆಟ್ಟೂರಿನ ಕಡೆಯಿಂದ ಇನ್ನೊಂದು ಸಂಬಂಧ ಬಂದಿತ್ತು. ಅವರು ಬರುವುದರೊಳಗೆ ಎಂಜಿನ್ ಸರಿಯಾಗಬೇಕಿತ್ತು.

ಎಂಜಿನ್ನನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಅಂಗಡಿಗೆ ತಂದ. ದಾರಿಯಲ್ಲಿ ಪಕ್ಕದ ಸೀಟಿನ ಮುದುಕಿ ಕೇಳಿದಳಂತೆ.

"ಏನಾಗೈತಪ್ಪ ಮಗೀಗೆ?"

"ಆಗಾಗ ನಿಂತೋಯ್ತದೆ ಕಣಮ್ಮ. ಹಗ್ಗ ಸುತ್ತಿ ಜೋರಾಗಿ ಎಳೆದ್ರೆ ಮತ್ತೆ ಸುರುವಾಯ್ತದೆ."

ಮುದುಕಿ ಹಿಂದೂಪುರಕ್ಕೆ ಟಿಕೆಟ್ ತಗೊಂಡಿದ್ದಳು. ಸೋಮಂದೇಪಲ್ಲಿಯಲ್ಲೇ ಇಳಿದುಬಿಟ್ಟಳು.

ಡ್ರಮ್ಮಿನ ನೀರು

ದೋಣಿ ಎಂಜಿನ್ನನ್ನು ಒಣಗಿದ ನೆಲದ ಮೇಲೆ ಓಡಿಸಿದರೆ ಕಾದು ಸಾಯುತ್ತದೆ. ನೀರು ತಳ್ಳುವ ಅದರ ರೆಕ್ಕೆ ನೀರಿನಲ್ಲಿರಬೇಕು. ನನ್ನ ಬೀದಿಯಲ್ಲಿ ನಲ್ಲಿ ಬರುವುದೇ ಅಪರೂಪ. ಬಂದ ದಿನ ಒಂದು ಡ್ರಮ್ ತುಂಬಿಸಿದೆ. ಎಂಜಿನ್ನನ್ನು ಅದರ ಅಂಚಿಗೆ ಬಿಗಿದೆ. ಹಗ್ಗ ಎಳೆದೆ.

ಮೊದಲ ಎಳೆತಕ್ಕೇ ಹಿಡಿಯಿತು. ಪ್ಲಗ್ ಬಿಚ್ಚಿ ನೋಡಿದೆ. ಕಿಡಿ ನೀಲಿ. ಕಾಯಿಲ್ ಸರಿ. ಪಾಯಿಂಟ್ ಸರಿ. ಮಧ್ಯಾಹ್ನದವರೆಗೆ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ.

ಸದ್ದಿಗೆ ಬೀದಿಯ ಹೆಂಗಸರು ಬಿಂದಿಗೆ ಹಿಡಿದೇ ಬಂದರು. ಡ್ರಮ್ಮಿನ ತುಂಬಾ ನೀರು. ಅದರ ಮೇಲೆ ಎಣ್ಣೆ. ಅದರೊಳಗೆ ಗಿರಗಿರ ತಿರುಗುವ ರೆಕ್ಕೆ.

ಎದುರು ಮನೆಯಾಕೆ ಉಳಿದವರಿಗೆ ಹೇಳಿದಳು. "ನಮಗೆ ಕುಡಿಯಾಕೆ ನೀರಿಲ್ಲ. ಈ ಮುದುಕ ನೀರನ್ನ ಮಿಕ್ಸಿಗೆ ಹಾಕವ್ನೆ ನೋಡ್ರಮ್ಮ!"

ನಿಂಬೆಹಣ್ಣಿನ ಶಕ್ತಿ

ಹೊಸ ಪ್ಲಗ್ ಹಾಕಿ ಕಳಿಸಿದೆ. ವಾರದೊಳಗೆ ಕಾಯಿನ್ ಬೂತಿನಿಂದ ಫೋನ್ ಮಾಡಿದ. "ಮೇಸ್ತ್ರಿ, ನಿಂತೋಗ್ಬುಡ್ತು." ಮತ್ತೆ ತಂದ. ಮತ್ತೆ ಡ್ರಮ್ಮು, ಮತ್ತೆ ಬೈಗುಳ. ಮತ್ತೆ ಎಂಜಿನ್ ಚೊಕ್ಕವಾಗಿ ಓಡಿತು. ಕಂಡೆನ್ಸರ್ ಬದಲಿಸಿ ಕಳಿಸಿದೆ. ಮತ್ತೆ ಫೋನು.

"ಬತ್ತೀನಿ ಇರು" ಅಂದೆ. ಬಸ್ ಹತ್ತಿದೆ.

ಕೆರೆಗೆ ಹೋಗಿ ನೋಡಿದರೆ ಎಂಜಿನ್ನೇ ಕಾಣಿಸಲಿಲ್ಲ. ಬರೀ ನಿಂಬೆಹಣ್ಣು, ಮೆಣಸಿನಕಾಯಿ. ಪ್ಲಗ್ಗಿಗೆ ಹೋಗುವ ವೈರಿಗೆ ಸರದ ಹಾಗೆ ಕಟ್ಟಿದ್ದರು.

"ಇದೇನೋ?"

"ದೃಷ್ಟಿಗೆ ಮೇಸ್ತ್ರಿ. ದೋಣಿ ತಂದ ದಿನಾನೇ ಅವ್ವ ಕಟ್ಟಿದ್ದು. ಒಂದೊಂದ್ಸಾರಿ ನಿಂತಾಗ್ಲೂ ಒಂದೊಂದು ಹಣ್ಣು ಜಾಸ್ತಿ."

"ನನ್ನ ಅಂಗಡಿಗೆ ತಂದಾಗ ಇರಲಿಲ್ಲವಲ್ಲ?"

"ನಿಮ್ಮ ಗ್ರೀಸ್ ಕೈ ತಾಕಿದ್ರೆ ಮೈಲಿಗೆ ಅಂತ ಅವ್ವ ಬಿಚ್ಚಿಟ್ಕೊಂತಿದ್ಲು."

ದೋಣಿ ಹತ್ತಿ ಬಗ್ಗಿ ನೋಡಿದೆ. ಪೋಣಿಸಿದ್ದು ದಾರದಲ್ಲಲ್ಲ, ಕಬ್ಬಿಣದ ತಂತಿಯಲ್ಲಿ. ಬಿಗಿದು ಬಿಗಿದು ತಂತಿ ವೈರಿನ ರಬ್ಬರ್ ಕೊಯ್ದು ಒಳಗೆ ಇಳಿದಿತ್ತು. ಇನ್ನೊಂದು ತುದಿ ಜೋತಾಡುತ್ತಿತ್ತು. ನೀರು ಸುಮ್ಮನಿದ್ದರೆ ತೊಂದರೆ ಇಲ್ಲ. ಗಾಳಿ ಎದ್ದು ದೋಣಿ ಓಲಾಡಿದರೆ ತಂತಿಯ ತುದಿ ಎಂಜಿನ್ನಿನ ಮೈಗೆ ತಾಕುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅಲ್ಲೇ ಇಳಿದುಹೋಗುತ್ತಿತ್ತು.

"ಹಗ್ಗ ಎಳಿ" ಅಂದೆ. ಎಂಜಿನ್ ಹಿಡಿಯಿತು. ತೋರಿಸೋಣ ಅಂತ ಸರಕ್ಕೆ ಬೆರಳಿಟ್ಟೆ. ಕರೆಂಟು ನನ್ನನ್ನು ಒದೆದ ರಭಸಕ್ಕೆ ದೋಣಿಯಿಂದ ಹೊರಗೆ, ಮೊಣಕಾಲುದ್ದ ಕೆಸರಿನಲ್ಲಿ ಕೂತಿದ್ದೆ.

ದಡದಲ್ಲಿದ್ದ ಅವರವ್ವ ಎರಡೂ ಕೈ ಮುಗಿದಳು. ನನಗಲ್ಲ, ಹಣ್ಣಿಗೆ. "ನೋಡ್ದೇನಪ್ಪ ಶಕ್ತಿಯ? ಮೈಲಿಗೆ ಕೈ ಇಕ್ಕಬ್ಯಾಡ ಅಂತ ನಾನು ಬಡ್ಕಂಡೆ!"

ಸೆಟ್ಟೂರಿನ ಬೀಗರು

ವೈರ್ ಬದಲಿಸಿದೆ. ನಿಂಬೆಹಣ್ಣು ಕಟ್ಟಲು ದೋಣಿಯ ಮುಂಭಾಗ ತೋರಿಸಿದೆ. ಅವರವ್ವ ಗೊಣಗುತ್ತಾ ಒಪ್ಪಿದಳು. ಸೆಟ್ಟೂರಿನವರು ಬರುವ ದಿನ ನಾನೂ ಇರಬೇಕು ಅಂತ ಅವಳ ಮಗ ಅಂದ. ಹೋದೆ.

ಹೆಣ್ಣಿನ ಅಪ್ಪ ಕುರಿ ಸಾಕುವವನು. ದೊಡ್ಡ ಮೀಸೆ. ಯಾವುದಕ್ಕೂ ಹೂಂ ಅನ್ನುವ ಜನ ಅಲ್ಲ. ಬಂದ ಗಂಡುಗಳಿಗೆಲ್ಲ ಒಂದೇ ಮಾತು ಹೇಳಿ ಕಳಿಸಿದವನು. ಇವನಿಗೂ ದೋಣಿ ಹತ್ತುತ್ತಾ ಅದನ್ನೇ ಹೇಳಿದ. "ನೋಡಾನ. ಊರಿಗೋಗಿ ನಾಲ್ಕು ಜನನ ಕೇಳಿ ಯೋಳ್ತೀವಿ."

ಮೊದಲ ಎಳೆತಕ್ಕೆ ಎಂಜಿನ್ ಹಿಡಿಯಿತು. ದೋಣಿ ನಡುವಿಗೆ ಹೋಯಿತು. ನಿಲ್ಲಲಿಲ್ಲ. ಆ ದಡ ಮುಟ್ಟಿ ತಿರುಗಿತು. ನಿಲ್ಲಲಿಲ್ಲ. ಅವರವ್ವ ಕಣ್ಣೊರೆಸಿಕೊಂಡಳು. ದೋಣಿ ನಮ್ಮ ಹತ್ತಿರ ಬಂತು. ಆಗಲೂ ನಿಲ್ಲಲಿಲ್ಲ. ನಮ್ಮ ಮುಂದೆಯೇ ತಿರುಗಿಕೊಂಡು ಮತ್ತೆ ನಡುವಿಗೆ ಹೋಯಿತು.

ಆಗ ನನಗೆ ಹೊಳೆಯಿತು. ಈ ಎಂಜಿನ್ ಕೆರೆಯಲ್ಲಿ ಯಾವತ್ತೂ ತಾನಾಗಿಯೇ ನಿಂತಿದ್ದು, ಇಲ್ಲವೇ ಪೆಟ್ರೋಲ್ ಮುಗಿದು ನಿಂತಿದ್ದು. ಅದನ್ನು ನಿಲ್ಲಿಸುವ ಕೆಲಸ ಅವನಿಗೆ ಬಂದೇ ಇರಲಿಲ್ಲ. ಹೇಗೆ ನಿಲ್ಲಿಸುವುದು ಅಂತ ಅವನಿಗೆ ಗೊತ್ತಿಲ್ಲ.

"ಗುಂಡಿ ಒತ್ತೋ! ಕೆಂಪು ಗುಂಡಿ!" ಅಂತ ಕೂಗಿದೆ. ಹೊಗಳುತ್ತಿದ್ದೇನೆ ಅಂದುಕೊಂಡು ಕೈ ಬೀಸಿದ.

ಮುಂದಿನ ಸುತ್ತಿಗೆ ಅವನ ಮುಖ ಬಿಳಿಚಿಕೊಂಡಿತ್ತು. ಗಾಬರಿಗೆ ಹಿಡಿಯನ್ನು ಎತ್ತಲೋ ತಿರುಚಿದ. ವೇಗ ಇನ್ನೂ ಏರಿತು. ಎಮ್ಮೆಗಳು ನೀರು ಬಿಟ್ಟು ಓಡಿದವು. ಹೆಣ್ಣಿನ ಅಪ್ಪನ ಪೇಟ ಕೆರೆಗೆ ಬಿತ್ತು. ಅವನು ಎರಡೂ ಕೈಯಲ್ಲಿ ಹಲಗೆ ತಬ್ಬಿಕೊಂಡು ಏನೋ ಅರಚುತ್ತಿದ್ದ. "ಆಪು ನಾಯನಾ, ಆಪು!", ನಿಲ್ಲಿಸಪ್ಪಾ ಅಂತ ತೆಲುಗಿನಲ್ಲಿ ಕೂಗಿದ್ದಷ್ಟೇ ನಮಗೆ ಕೇಳಿಸಿತು. ಸೆಟ್ಟೂರಿನ ಹೆಂಗಸರು ಬಾಯಿಗೆ ಸೆರಗು ಒತ್ತಿ ನಿಂತಿದ್ದರು. ಅವರ ಜೊತೆ ಬಂದಿದ್ದ ಮದುವೆ ಹುಡುಗಿ ಮಾತ್ರ ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು.

ಈ ಸಂಬಂಧವೂ ಹೋಯಿತು ಅಂದುಕೊಂಡೆ.

ಕೊನೆಗೆ ನಡುನೀರಿನಲ್ಲಿ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು. ಹುಟ್ಟು ಹಾಕಿಕೊಂಡು ಬಂದರು. ಹೆಣ್ಣಿನ ಅಪ್ಪ ಇಳಿದು ನೆಲವನ್ನು ಎರಡು ಸಲ ತುಳಿದು ನೋಡಿದ. ಆಮೇಲೆ ತನ್ನವರ ಕಡೆ ತಿರುಗಿ, "ಕೊಟ್ಟಾಯ್ತು. ನಡೀರಿ, ಎಲೆ ಅಡಿಕೆ ತಗೀರಿ" ಅಂದ.

ಯಾರೂ ಅಲ್ಲಾಡಲಿಲ್ಲ. ಹುಡುಗಿಯೊಬ್ಬಳೇ ಎದ್ದಳು. "ಅಪ್ಪನ ಬಾಯಲ್ಲಿ ಹೂಂ ಅನ್ನಿಸಾಕೆ ನಮ್ಮವ್ವನ ಕೈಲೂ ಆಗಿಲ್ಲ. ನನಗೂ ಒಪ್ಪಿಗೆ" ಅಂದಳು.

ಮದುವೆ ಊಟದಲ್ಲಿ ಹೆಣ್ಣಿನ ಅಪ್ಪ ನನ್ನ ಪಕ್ಕದ ಎಲೆಗೆ ಕೂತಿದ್ದ. ತಡೆಯಲಾರದೆ ಕೇಳಿದೆ. "ಅಷ್ಟು ಹೆದರಿದ್ದೆಯಲ್ಲಪ್ಪ, ಯಾಕೆ ಒಪ್ಪಿದೆ?"

ಅವನು ತುತ್ತು ಕೆಳಗಿಟ್ಟ. ಸುತ್ತ ನೋಡಿದ. ದನಿ ತಗ್ಗಿಸಿದ.

"ನಾನು ಊರಿಗೋಗಿ ಯೋಳ್ತೀನಿ ಅಂದಿದ್ದಕ್ಕೆ ಹಟ ಹಿಡಿದ್ಬುಟ್ಟ ಕಣಣ್ಣ. ಸುತ್ತಿಸ್ದ, ಸುತ್ತಿಸ್ದ. ಎಷ್ಟು ಬೇಡ್ಕಂಡ್ರೂ ನಿಲ್ಸಲಿಲ್ಲ. ಕಡೆಗೆ 'ಹೆಣ್ಣು ಕೊಟ್ಟೆ ಕಣೋ ಮಾರಾಯ' ಅಂದೆ ನೋಡು, ಅದೇ ಕ್ಷಣಕ್ಕೆ ನಿಲ್ಸ್ಬುಟ್ಟ. ಏನೇ ಯೋಳು, ಮಾತಿನ ಮನುಷ್ಯ ನಮ್ಮ ಅಳಿಯ."