ಕಾರಣ ಕೇಳದ ಕರೆಗಂಟೆಯವರ ಸನ್ನಿಧಾನಕ್ಕೆ

ಮಾನ್ಯ ಕರೆಗಂಟೆಯವರೇ,

ಊರ್ಧ್ವಮುಖಿ ಪುರುಷರ ಹೊಣೆಗಾರಿಕೆ ಬಳಗದ ಕಾಯಂ ಅಧ್ಯಕ್ಷರೂ, ಟೈಲ್ಸ್ ಅಂಗಡಿಯ ಮಹಡಿಯಲ್ಲಿ ಬೆಲೆಚೀಟಿ ಕೀಳದ ಅಮೃತಶಿಲೆಯ ಮೇಜಿನ ಮೇಲೆ ವಿರಾಜಮಾನರೂ, ನೆತ್ತಿಯ ಮೇಲೆ ಬೆರಳಿಟ್ಟ ಮಾತ್ರಕ್ಕೆ 'ಟಿಣ್' ಎಂದು ತೀರ್ಪು ಕೊಡುವವರೂ ಆದ ತಮ್ಮ ಪಾದಗಳಿಗೆ ಹಾಸಿಗೆ ಕಾರ್ಖಾನೆಯ ಮಾಲೀಕನಾದ ನನ್ನ ಸಾಷ್ಟಾಂಗ ನಮಸ್ಕಾರಗಳು. ಪಾದಗಳೆಂದರೆ ತಮ್ಮ ಅಡಿಯಲ್ಲಿರುವ ರಬ್ಬರಿನ ಗುಬುಟುಗಳು. ಅವುಗಳಲ್ಲಿ ಒಂದು ಕಳಚಿ ಹೋಗಿದ್ದರೂ ತಾವು ನಿಲುವು ಬದಲಿಸದೆ ಕೂತಿರುವುದನ್ನು ನಾನು ಮೆಚ್ಚಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವೋ ಅಲ್ಲವೋ ಎಂದು ತಾವು ಕೇಳುವವರಲ್ಲವಾದ್ದರಿಂದ ಅದನ್ನು ಹೇಳದೆ ಮುಂದುವರಿಯುತ್ತೇನೆ.

ತಮ್ಮ ಮೇಲಿನ ದೂರನ್ನು ಬಳಗದಲ್ಲಿಯೇ ಹೇಳಬಹುದಿತ್ತು, ನಾಲ್ಕು ಜನರ ಮುಂದೆ ಯಾಕೆ ಬಿಚ್ಚಿಡುತ್ತೀಯ ಎಂದು ಯಾರಾದರೂ ಆಕ್ಷೇಪಿಸಬಹುದು. ಬಳಗದಲ್ಲಿ ನಾನು ಬಾಯಿ ತೆರೆದರೆ ತಾವೇ ಮುಚ್ಚಿಸುತ್ತೀರಿ ಎಂಬುದು ನನ್ನ ದೂರಿನ ಮೊದಲ ಅಂಶವಾಗಿರುವುದರಿಂದ ನನಗೆ ಬೇರೆ ದಾರಿ ಉಳಿದಿಲ್ಲ.

ನಮ್ಮ ಬಳಗವನ್ನು ಅರಿಯದ ದುರದೃಷ್ಟವಂತರ ತಿಳಿವಳಿಕೆಗಾಗಿ ಎರಡು ಮಾತು. ನಮ್ಮ ಟೈಲ್ಸ್ ಅಂಗಡಿಯವರು ಒಮ್ಮೆ ಯಾವುದೋ ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ ಎರಡು ದಿನ ಕೂತು ಭಾಷಣ ಕೇಳಿ, ಒಂದು ಹೊಸ ಕೋಟನ್ನೂ ಒಂದು ಹೊಸ ಚಿಂತೆಯನ್ನೂ ಹೊತ್ತು ಮರಳಿದರು. ಜೀವನದಲ್ಲಿ ಮೇಲೆ ಬಂದ ಗಂಡಸಿಗೆ ಬುದ್ಧಿ ಹೇಳುವವರೇ ಇರುವುದಿಲ್ಲ, ಕೆಲಸಗಾರರು ಹೆದರುತ್ತಾರೆ, ನೆಂಟರು ಹೊಗಳುತ್ತಾರೆ, ಆದ್ದರಿಂದ ಮೇಲೆ ಬಂದವರೆಲ್ಲ ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಜವಾಬು ಕೊಡಬೇಕು ಎಂಬುದು ಆ ಚಿಂತೆ. ಹೆಂಡತಿಯರು ಬುದ್ಧಿ ಹೇಳುತ್ತಾರಲ್ಲ ಎಂದು ನಾನು ನೆನಪಿಸಿದೆ. ಅದು ಲೆಕ್ಕಕ್ಕಿಲ್ಲ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಹೀಗೆ ಟೈಲ್ಸ್ ಅಂಗಡಿಯವರು, ಲಿಫ್ಟ್ ಗುತ್ತಿಗೆದಾರರು, ಒಬ್ಬ ಆಡಿಟರು, ಹಲ್ಲಿನ ಡಾಕ್ಟರು ಮತ್ತು ನಾನು ಪ್ರತಿ ಗುರುವಾರ ಬೆಳಿಗ್ಗೆ ಅಂಗಡಿಗಳು ಬಾಗಿಲು ತೆರೆಯುವ ಮೊದಲು, ನಲ್ಲಿಯಿದ್ದೂ ನೀರಿಲ್ಲದ ವಾಶ್‌ಬೇಸಿನ್‌ಗಳ ನಡುವೆ, ಯಾರೂ ಎಂದೂ ಸ್ನಾನ ಮಾಡದ ಒಂದು ಮಾದರಿ ಸ್ನಾನಗೃಹಕ್ಕೆ ಬೆನ್ನು ಕೊಟ್ಟು ಸೇರತೊಡಗಿದೆವು. ಜನರ ನಿದ್ದೆಯನ್ನು ನಂಬಿ ಬದುಕುವ ನಾನು ನನ್ನ ನಿದ್ದೆ ಕೆಡಿಸಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದೆ.

ಬಳಗದ ಹೆಸರು ಕೇಳಿದ ದಿನವೇ ನನ್ನ ಹೆಂಡತಿ, "ಹೋಗಿ ಬನ್ನಿ, ನೀವು ಮೇಲೆ ನೋಡ್ಕೊಂಡೇ ಓಡಾಡಿ. ಕಾಲ ಕೆಳಗೆ ಏನಿದೆ ಅಂತ ನಾವು ನೋಡ್ಕೋತೀವಿ" ಎಂದು ಹರಸಿ ಕಳಿಸಿದಳು. ಅದನ್ನು ನಾನು ಪ್ರೋತ್ಸಾಹವೆಂದೇ ಸ್ವೀಕರಿಸಿದೆ.

ತಮ್ಮ ಆಗಮನ ಮೂರನೆಯ ಸಭೆಯಲ್ಲಾಯಿತು. ವಾರಕ್ಕೊಂದು ಸಂಕಲ್ಪ ಮಾಡುವುದು ನಮ್ಮ ಪದ್ಧತಿ. ಎರಡನೆಯ ಸಭೆಯಲ್ಲಿಯೇ ಪ್ರತಿಯೊಬ್ಬರೂ ತಮ್ಮ ಸಂಕಲ್ಪ ಯಾಕೆ ಈಡೇರಲಿಲ್ಲವೆಂಬುದನ್ನು ವಿವರಿಸಿ, ಆ ವಿವರಣೆಗೆ ಉಳಿದವರು ತಲೆದೂಗಿ, ಆಡಿಟರು ತಮ್ಮ ಅತ್ತೆಯ ಮಂಡಿನೋವಿನವರೆಗೂ ತಲುಪಿದ್ದರು. "ಕಾರಣ ಕೇಳ್ತಾ ಕೂತ್ರೆ ನಮ್ಮನೆ ಊಟದ ಮೇಜಿಗೂ ಇದಕ್ಕೂ ಏನ್ರೀ ವ್ಯತ್ಯಾಸ?" ಎಂದು ಟೈಲ್ಸ್ ಅಂಗಡಿಯವರು ಗುಡುಗಿದರು. ಮುಚ್ಚಿಹೋದ ಒಂದು ಲಾಡ್ಜಿನ ಕೌಂಟರಿನಿಂದ ತಮ್ಮನ್ನು ತಂದು ಪ್ರತಿಷ್ಠಾಪಿಸಿದರು. ಹಳೆಯ ಕೆಲಸದಲ್ಲಿ ತಾವು ಬಾರಿಸಿದರೆ ಯಾರಾದರೂ ಓಡಿ ಬಂದು 'ಏನು ಬೇಕಿತ್ತು' ಎಂದು ಕೇಳುತ್ತಿದ್ದರಂತೆ. ನಮ್ಮಲ್ಲಿ ತಮ್ಮ ಕೆಲಸ ಅದರ ತದ್ವಿರುದ್ಧ. ಸಂಕಲ್ಪ ಮಾಡಿದ್ದು ಆಯ್ತೇ, ಇಲ್ಲವೇ? 'ಆಯ್ತು' ಅಥವಾ 'ಆಗಲಿಲ್ಲ', ಎರಡೇ ಉತ್ತರ. 'ಯಾಕಂದ್ರೆ' ಎಂಬ ಮಾತು ಹೊರಟ ಕೂಡಲೇ ಟಿಣ್. ತಮ್ಮನ್ನು ಬಾರಿಸುವ ಘನ ಜವಾಬ್ದಾರಿ, ಬೇರಾರೂ ಇಷ್ಟಪಡದ ಕಾರಣ, ನನ್ನ ಪಾಲಿಗೆ ಬಂತು.

ಅಲ್ಲಿಂದ ಮುಂದೆ ನಮ್ಮ ಬೆಳವಣಿಗೆಯನ್ನು ಹಿಡಿಯುವವರಿರಲಿಲ್ಲ. 'ಆಗಲಿಲ್ಲ' ಎಂದು ಒಪ್ಪಿಕೊಂಡು ಬಾಯಿ ಮುಚ್ಚಿಕೊಳ್ಳುವ ಸಂಕಟ ತಪ್ಪಿಸಿಕೊಳ್ಳಲು ನಾವು ಆಗಿಯೇ ತೀರುವಂಥ ಸಂಕಲ್ಪಗಳನ್ನು ಮಾಡತೊಡಗಿದೆವು. ಲಿಫ್ಟ್ ಗುತ್ತಿಗೆದಾರರು ಮೆಟ್ಟಿಲು ಹತ್ತುವ ವ್ರತ ಹಿಡಿದರು. ಅವರ ಮನೆ ನೆಲಮಹಡಿಯಲ್ಲಿದೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಟೈಲ್ಸ್ ಅಂಗಡಿಯವರು ವಾರವಿಡೀ ಗಿರಾಕಿಗಳನ್ನು ನೋಡಿ ನಕ್ಕರು. ನಾನು ಬೆಳಿಗ್ಗೆ ಎದ್ದು ಬಿಸಿನೀರು ಕುಡಿದೆ, ಮುಂದಿನ ವಾರ ಅದನ್ನು ನಿಧಾನವಾಗಿ ಕುಡಿದೆ, ಅದರ ಮುಂದಿನ ವಾರ ಕೃತಜ್ಞತೆಯಿಂದ ಕುಡಿದೆ. ಪ್ರತಿಯೊಂದಕ್ಕೂ ಚಪ್ಪಾಳೆ ಬಿತ್ತು. ಐವರು ಗಟ್ಟಿ ಗಂಡಸರು ಬಿಸಿನೀರಿಗೆ ಚಪ್ಪಾಳೆ ತಟ್ಟುವ ಸದ್ದು ಕೇಳಿ ಕೆಳಗೆ ಕಸ ಗುಡಿಸುತ್ತಿದ್ದಾಕೆ ಒಮ್ಮೆ ಮೇಲೆ ಬಂದು ನಮ್ಮನ್ನು ಕಣ್ತುಂಬ ನೋಡಿ ಹೋಗಿದ್ದುಂಟು.

ಬಾರಿಸುವ ಕಲೆಯಲ್ಲಿ ನಾನು ಸಾಧಿಸಿದ ಪ್ರಗತಿಯ ಬಗ್ಗೆ ವಿನಯ ಬಿಟ್ಟು ಹೇಳಬೇಕು. ಬರುಬರುತ್ತ 'ಯಾ' ಎಂಬಲ್ಲಿಯೇ ಹಿಡಿಯಬಲ್ಲವನಾದೆ. ಉಸಿರೆಳೆದುಕೊಳ್ಳುವ ರೀತಿ ನೋಡಿ ಕಾರಣ ಬರುತ್ತಿದೆಯೆಂದು ಪತ್ತೆ ಮಾಡಿದೆ. ಉತ್ಸಾಹ ಹೆಚ್ಚಿ ತಮ್ಮನ್ನು ಒಂದು ವಾರ ಮನೆಗೇ ಕರೆದೊಯ್ದೆ. ಮಗಳು ಪರೀಕ್ಷೆಯ ಅಂಕದ ಬಗ್ಗೆ ಬಾಯಿ ತೆರೆದಾಗ ಟಿಣ್, ಹೆಂಡತಿ ಗ್ಯಾಸ್ ಮುಗಿದ ಸಂಗತಿ ಹೇಳಲು ಬಂದಾಗ ಟಿಣ್. ಆ ದಿನ ಮಧ್ಯಾಹ್ನ ಕಾರ್ಖಾನೆಯಿಂದ ಹಸಿದು ಬಂದೆ. "ಊಟ ಇಲ್ಲ" ಎಂದಳು. ಯಾಕೆ ಎಂದು ಕೇಳಿದೆ. ಅವಳು ಬಂದು ತಮ್ಮ ನೆತ್ತಿಯ ಮೇಲೆ ಬೆರಳಿಟ್ಟಳು. ತಾವೂ ಮುಲಾಜಿಲ್ಲದೆ ಬಾರಿಸಿದಿರಿ. ತಮ್ಮ ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ, ಮತ್ತು ಇಲ್ಲಿಂದ ಮುಂದೆ ನನ್ನ ಧಾಟಿ ಸ್ವಲ್ಪ ತಪ್ಪಿದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ಬಳಗದ ನಿಯಮದಂತೆ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ, ಜೊತೆಗಾರನಿಗೆ ಪ್ರತಿ ಸಂಜೆ ಫೋನ್ ಮಾಡಿ ವಿಚಾರಿಸಿಕೊಳ್ಳುವುದು ಕಡ್ಡಾಯ. ನನಗೆ ಸಿಕ್ಕವರು ಹಲ್ಲಿನ ಡಾಕ್ಟರು. ಬಳಗಕ್ಕೆ ಮುಂಚೆಯೂ ನಾವು ಸ್ನೇಹಿತರೇ; ಕಾರ್ಖಾನೆ ಮುಚ್ಚಿ ಬರುವ ದಾರಿಯಲ್ಲಿ ಅವರ ಕ್ಲಿನಿಕ್ಕಿನ ಮುಂದಿನ ಬೆಂಚಿನ ಮೇಲೆ ಕೂತು, ತಲೆಬುಡವಿಲ್ಲದ ಮಾತಿನಲ್ಲಿ ಸಂಜೆ ಕಳೆಯುವುದು ನಮ್ಮ ಹಳೆಯ ಚಟ. ಇಂಥ ಕಾಲಹರಣವನ್ನು ಬಳಗ ಒಂದೇ ಏಟಿಗೆ ನಿಲ್ಲಿಸಿತು. ನಾನು ಫೋನ್ ಮಾಡಿ 'ಆಯ್ತಾ?' ಎನ್ನುವುದು, ಅವರು 'ಆಯ್ತು' ಎನ್ನುವುದು, ನಾನು ಇಡುವುದು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟೊಂದು ಸ್ನೇಹವನ್ನು ಬೇರೆ ಯಾರಾದರೂ ಸಾಧಿಸಿದ್ದರೆ ತೋರಿಸಲಿ ಎಂದು ನಾನು ಸಭೆಯಲ್ಲಿ ಎದೆ ತಟ್ಟಿಕೊಂಡಿದ್ದೆ.

ಕೆಲವು ತಿಂಗಳ ನಂತರ ಡಾಕ್ಟರು ಒಂದು ಗುರುವಾರ, ಈ ವಾರ ಒಬ್ಬರನ್ನು ಭೇಟಿಯಾಗಬೇಕು ಎಂದು ಸಂಕಲ್ಪ ಮಾಡಿದರು. ಎರಡನೆಯ ಕ್ಲಿನಿಕ್ಕಿಗೆ ಜಾಗ ನೋಡುತ್ತಿದ್ದಾರೆ ಎಂದು ನಾವೆಲ್ಲ ಕಣ್ಣು ಮಿಟುಕಿಸಿದೆವು. ಮುಂದಿನ ವಾರ 'ಆಗಲಿಲ್ಲ' ಎಂದರು. ಅದರ ಮುಂದಿನ ವಾರವೂ ಅದೇ. ಸಂಜೆಯ ಫೋನಿನಲ್ಲೂ 'ಇಲ್ಲ' ಎನ್ನುತ್ತಿದ್ದರು, ನಾನು ನಿಯಮದಂತೆ ಇಡುತ್ತಿದ್ದೆ. ಆ ದಿನಗಳಲ್ಲಿ ಅವರು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕುಡಿಯುತ್ತಿದ್ದುದನ್ನು ನಾನು ಗಮನಿಸದೆ ಇರಲಿಲ್ಲ. ಗಮನಿಸಿ, ಎಷ್ಟೊಂದು ಏಕಾಗ್ರತೆ ನೋಡಿ ಎಂದು ಉಳಿದವರಿಗೆ ತೋರಿಸಿ ಮೆಚ್ಚಿಕೊಂಡೆ. ಮತ್ತೊಂದು ಗುರುವಾರ ಅವರು ಎದ್ದು ನಿಂತು, ಸಾಮಾನ್ಯವಾಗಿ ಯಾರೂ ನಿಲ್ಲುವುದಿಲ್ಲ, "ಆಗಲಿಲ್ಲ. ಯಾಕಂದ್ರೆ ನನ್ನ ಕೈ" ಎಂದರು.

ಟಿಣ್.

ಮಾನ್ಯರೇ, ತಾವು ಬಾರಿಸಿದಿರಿ. ಬೆರಳು ನನ್ನದಾಗಿತ್ತು ಎಂಬ ತಾಂತ್ರಿಕ ಅಂಶವನ್ನು ತಾವು ಎತ್ತಬಹುದು. ದಯವಿಟ್ಟು ಎತ್ತಬೇಡಿ, ಅದನ್ನು ಕೇಳುವ ಶಕ್ತಿ ನನಗಿಲ್ಲ. ಇಷ್ಟು ವರ್ಷ ಸಾವಿರಾರು ಪ್ರಯಾಣಿಕರ ಕೈ ಕಂಡ ತಮಗೆ, ಆ ಒಂದು ಸಲ ಕಿಲುಬು ಹಿಡಿದವರಂತೆ ಸುಮ್ಮನಿರಲು ಏನಾಗಿತ್ತು? ನನಗಂತೂ ಬುದ್ಧಿಯಿಲ್ಲ ಎಂಬುದು ಊರಿಗೇ ಗೊತ್ತು, ತಾವಾದರೂ ಲೋಹದವರು. ಡಾಕ್ಟರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ನಕ್ಕಂತೆ ಮಾಡಿ ಕೂತರು. ನಾನು ಶಿಸ್ತು ಪಾಲಿಸಿದ ಸಂತೋಷದಲ್ಲಿ ಆಡಿಟರ ಸರದಿ ಕರೆದೆ.

ಅಂದಿನಿಂದ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಬೆಳವಣಿಗೆಯ ಒತ್ತಡ ತಡೆಯುವುದು ಎಲ್ಲರಿಗೂ ಆಗುವುದಿಲ್ಲ ಎಂದು ಟೈಲ್ಸ್ ಅಂಗಡಿಯವರು ನಿಟ್ಟುಸಿರು ಬಿಟ್ಟು, ಖಾಲಿ ಕುರ್ಚಿಗೆ ಪೀಠೋಪಕರಣದ ವ್ಯಾಪಾರಿಯೊಬ್ಬರನ್ನು ಸೂಚಿಸಿದರು. ಅನುಮೋದಿಸಿದವನು ನಾನು. ಎಲ್ಲರಿಗಿಂತ ಮೊದಲು ಕೈ ಎತ್ತಿದ್ದೆ.

ಸತ್ಯವನ್ನು ತಂದವಳು, ಲೆಕ್ಕಕ್ಕಿಲ್ಲದ ನನ್ನ ಹೆಂಡತಿ. ಹಲ್ಲು ತೋರಿಸಿಕೊಳ್ಳಲು ಹೋಗಿದ್ದವಳು ಅರ್ಧ ಬಾಯಿ ಮರಗಟ್ಟಿಸಿಕೊಂಡು ಬಂದು, ಉಳಿದರ್ಧದಲ್ಲಿ ಕೇಳಿದಳು: "ಡಾಕ್ಟ್ರು ಈಗ ಹಲ್ಲು ಮುಟ್ಟಲ್ವಂತೆ, ಆ ಚಿಕ್ಕ ಡಾಕ್ಟ್ರಮ್ಮನೇ ಎಲ್ಲಾ ನೋಡೋದು. ಇವರು ಹೊರಗೆ ಸುಮ್ನೆ ಕೂತಿದ್ರು. ಹೇಗಿದೀರಿ ಅಣ್ಣ ಅಂದೆ, ಬಲಗೈ ನಡುಗುತ್ತಮ್ಮ ಅಂದ್ರು. ತಿಂಗಳುಗಳಿಂದ ಹೀಗಂತೆ. ನಿಮಗೆ ಗೊತ್ತಿಲ್ವಾ? ದಿನಾ ಫೋನ್ ಮಾಡ್ತಿದ್ರಲ್ಲ?"

ನಾಚಿಕೆಯಾಯಿತು ಎಂದು ನೇರವಾಗಿಯೇ ಬರೆಯುತ್ತೇನೆ, ಅಲಂಕಾರಕ್ಕೆ ಇದು ಜಾಗವಲ್ಲ.

ನಿನ್ನೆ ಸಂಜೆ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಅವರು ಆ ಬೆಂಚಿನ ಮೇಲೆ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ, ಎದುರಿಗೆ ನಿಂತಾಗ ಅಭ್ಯಾಸಬಲದಿಂದ ನನ್ನ ಬಾಯಿಂದ ಹೊರಬಿದ್ದದ್ದು, "ಆಯ್ತಾ?" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಇಲ್ಲ ಹಾಸಿಗೆಯವರೇ, ಆಗಿಲ್ಲ" ಎಂದು ಅವರು ಮಾತು ಮುಗಿಸಿದರು. ಅಷ್ಟಾದ ಮೇಲೆ ನಾನು ಫೋನ್ ಇಡುವವನೆಂದು ಅವರಿಗೂ ಅಭ್ಯಾಸವಾಗಿತ್ತು. ನಾನು ಪಕ್ಕದಲ್ಲಿ ಕೂತೆ. "ಯಾಕೆ ಆಗಿಲ್ಲ ಡಾಕ್ಟ್ರೇ?" ಎಂದೆ. ಒಬ್ಬ ಮನುಷ್ಯನನ್ನು ಯಾಕೆ ಎಂದು ಕೇಳುವುದು ಎಷ್ಟು ಸುಲಭ ಎಂದು ತಮಗೆ ಹೇಳಿದರೆ ನಂಬುವುದಿಲ್ಲ.

ಅವರು ತೊಡೆಯ ಕೆಳಗಿದ್ದ ಕೈಯನ್ನು ಹೊರಗೆ ತೆಗೆದರು. ಆಮೇಲೆ, "ಭೇಟಿ ಮಾಡ್ಬೇಕು ಅಂದಿದ್ದು ನರದ ಡಾಕ್ಟ್ರನ್ನ. ಆಸ್ಪತ್ರೆ ಗೇಟಿನ ತನಕ ಹೋಗಿ ವಾಪಸ್ ಬಂದೆ, ಎರಡು ಸಲ. ಅವರು ಏನು ಹೇಳಿಬಿಡ್ತಾರೋ ಅಂತ ಭಯ. ಹೆಂಡತಿಗೆ ಹೇಳಿದ್ರೆ ಅವಳಿಗೆ ನಾನೇ ಧೈರ್ಯ ಹೇಳ್ಬೇಕು. ಅವತ್ತು ಎದ್ದು ನಿಂತಿದ್ದು, ನಿಮ್ಮಲ್ಲಿ ಯಾರಾದ್ರೂ ಒಬ್ರು ಜೊತೆಗೆ ಬರ್ತೀರಾ ಅಂತ ಕೇಳೋಕೆ" ಎಂದರು. ಇಡೀ ಮಾತು ಅಷ್ಟೇ ಇತ್ತು ಮಾನ್ಯರೇ. ನಾವು ಬಿಸಿನೀರಿಗೆ ತಟ್ಟಿದ ಚಪ್ಪಾಳೆಗಿಂತ ಚಿಕ್ಕದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಆ ಗುರುವಾರ ತಾವು ಹೊರಡಿಸಿದ ಟಿಣ್ ಅನ್ನು, ಅದು ಈಗ ಗಾಳಿಯಲ್ಲಿ ಎಲ್ಲಿಯೇ ಇದ್ದರೂ, ಹುಡುಕಿಸಿ ವಾಪಸು ಪಡೆಯಬೇಕು. ಅದು ಡಾಕ್ಟರ ಕಿವಿಯಿಂದ ಈಗಾಗಲೇ ಒಳಗೆ ಇಳಿದಿದ್ದರೆ, ಹಲ್ಲು ಕಿತ್ತ ಹಾಗೆ, ನೋವಾಗದಂತೆ ತೆಗೆಸಿಕೊಡಬೇಕು. ಅನುಮೋದನೆಗೆ ಎತ್ತಿದ ನನ್ನ ಕೈಯನ್ನು ಆ ದಿನದ ಮಟ್ಟಿಗೆ ಬೇರೆಯವರದೆಂದು ಘೋಷಿಸಬೇಕು. ಇವೆಲ್ಲ ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವಾದರೆ ನನ್ನ ಕೆಲಸವನ್ನಾದರೂ ಬಿಡಿಸಿ ಬೇರೆಯವರಿಗೆ ವಹಿಸಬೇಕು. ಪೀಠೋಪಕರಣದ ವ್ಯಾಪಾರಿಯವರ ಬೆರಳು ಚುರುಕಾಗಿದೆ ಎಂದು ಕೇಳಿದ್ದೇನೆ.

ತಮ್ಮ ಸೇವೆಯಲ್ಲಿ ಬಹಳ ಎತ್ತರಕ್ಕೆ ಬೆಳೆದು, ಪಕ್ಕದಲ್ಲಿದ್ದವರು ಕಾಣದಷ್ಟು ಮೇಲೆ ಹೋಗಿದ್ದ,

ತಮ್ಮ ವಿಶ್ವಾಸಿ,
ಹಾಸಿಗೆಯವನು

ಮರೆತ ಮಾತು: ನಾಳೆ ಗುರುವಾರ ನಾನು ಸಭೆಗೆ ಬರುತ್ತಿಲ್ಲ. ಬೆಳಿಗ್ಗೆ ಡಾಕ್ಟರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಗೇಟಿನ ಹತ್ತಿರ ಅವರು ಹಿಂದೆ ತಿರುಗಿದರೆ ಕೈ ಹಿಡಿದುಕೊಳ್ಳಬೇಕೆಂದು ಮಾತಾಗಿದೆ, ಯಾರ ಕೈ ಹೆಚ್ಚು ನಡುಗುತ್ತದೆಯೋ ಆಗ ನೋಡಿಕೊಳ್ಳುತ್ತೇವೆ. ನಾನು ಯಾಕೆ ಬಂದಿಲ್ಲವೆಂದು ಬಳಗದಲ್ಲಿ ಯಾರಾದರೂ ಕೇಳಿದರೆ ಇದನ್ನು ತಿಳಿಸಬೇಕಾಗಿ ವಿನಂತಿ. ತಮಗೆ ತೊಂದರೆಯಾಗಲಾರದು, ಯಾರೂ ಕೇಳುವುದಿಲ್ಲ.